ನೆಲದಾಳದಲ್ಲಿ ನಡುಹಗಲಿನ ಪ್ರಾರ್ಥನೆ

2010ರ ಆಗಸ್ಟ್ 5, ಗುರುವಾರ. ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರಕ್ಕೆ ಅಟಕಾಮಾ ಎಂಬ ಮರುಭೂಮಿಯಿದೆ. ಜಗತ್ತಿನ ಅತ್ಯಂತ ಒಣ ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿನ ಕೊಪಿಯಾಪೊ ಪಟ್ಟಣದ ಸಮೀಪ ಸ್ಯಾನ್ ಹೊಸೆ ಎಂಬ ತಾಮ್ರ ಮತ್ತು ಚಿನ್ನದ ಗಣಿ. ನೂರು ವರ್ಷಕ್ಕೂ ಹಳೆಯದು. ಬೆಳಿಗ್ಗೆ ಪಾಳಿಗೆ ಇಳಿದವರು ಮಧ್ಯಾಹ್ನದ ಊಟಕ್ಕೆ ಮೇಲೇರುವ ಹೊತ್ತು. ಗುಡ್ಡದ ಹೊಟ್ಟೆಯೊಳಗಿಂದ ಗುಡುಗಿನಂಥ ಸದ್ದು ಕೇಳಿಬಂತು. ಸುಮಾರು 7 ಲಕ್ಷ ಟನ್ ತೂಕದ ಒಂದೇ ಬಂಡೆ ಕಳಚಿ, ಸುರುಳಿ ಸುತ್ತಿಕೊಂಡು ಕೆಳಗಿಳಿಯುವ ಸುರಂಗದ ದಾರಿಯನ್ನು ಅಡ್ಡಲಾಗಿ ಮುಚ್ಚಿಬಿಟ್ಟಿತು. ಧೂಳು ಅಡಗಲು ಗಂಟೆಗಳೇ ಹಿಡಿದವು. ಬಂಡೆಯ ಆಚೆ, ನೆಲಮಟ್ಟದಿಂದ ಸುಮಾರು 700 ಮೀಟರ್ ಆಳದಲ್ಲಿ 33 ಜನ ಸಿಕ್ಕಿಕೊಂಡಿದ್ದರು.

ಅವರಲ್ಲಿ 63 ವರ್ಷದ ಮಾರಿಯೋ ಗೋಮೆಸ್ ಇದ್ದ. ಹನ್ನೆರಡನೆಯ ವಯಸ್ಸಿಗೇ ಗಣಿಗೆ ಇಳಿದವನು. 19 ವರ್ಷದ ಜಿಮ್ಮಿ ಸಾಂಚೆಸ್ ಇದ್ದ; ಕಾಲೇಜಿನಲ್ಲಿರಬೇಕಾದ ವಯಸ್ಸು. ಚಿಲಿಯ ರಾಷ್ಟ್ರೀಯ ತಂಡಕ್ಕೆ ಹಿಂದೆ ಆಡಿದ್ದ ಫುಟ್‌ಬಾಲ್ ಆಟಗಾರ ಫ್ರಾಂಕ್ಲಿನ್ ಲೋಬೋಸ್ ಇದ್ದ. ಈಗ ಕೆಲಸಗಾರರನ್ನು ಸಾಗಿಸುವ ಲಾರಿಯ ಚಾಲಕ. ನೆರೆಯ ಬೊಲಿವಿಯಾ ದೇಶದಿಂದ ಹೊಟ್ಟೆಪಾಡಿಗೆ ಬಂದ ಕಾರ್ಲೋಸ್ ಮಾಮಾನಿ ಇದ್ದ. ಆ ಗಣಿಗೆ ತೀರಾ ಹೊಸಬ. ಹಲವರಿಗೆ ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. ಇಂಥ 33 ಜನ 69 ದಿನ ಭೂಗರ್ಭದಲ್ಲಿದ್ದು, ಒಬ್ಬರೂ ಸಾಯದೆ ಹೊರಬಂದದ್ದು ಜಗತ್ತಿಗೇ ತಿಳಿದ ಸಂಗತಿ. ಕೊರೆಯುವ ಯಂತ್ರಗಳ ಸಾಹಸವನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದರು. ಆದರೆ ಯಂತ್ರ ಅವರನ್ನು ತಲುಪುವ ಮೊದಲಿನ 17 ದಿನ ಅವರನ್ನು ಉಳಿಸಿದ್ದು ಯಾವುದು? ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ತಿಳಿಯಬೇಕಾದ ಪಾಠ ಈ ಪ್ರಶ್ನೆಯ ಉತ್ತರದಲ್ಲಿದೆ.

ಎರಡು ದಿನದ ಆಹಾರ, 33 ಹೊಟ್ಟೆ

ಸುರಂಗದ ಆಳದಲ್ಲಿ ಅಪಾಯದ ಕಾಲಕ್ಕೆಂದು ಮಾಡಿದ್ದ ಒಂದು ಆಶ್ರಯ ಕೊಠಡಿಯಿತ್ತು. ದೊಡ್ಡದೊಂದು ತರಗತಿ ಕೋಣೆಯಷ್ಟು ಜಾಗ. ಅಲ್ಲಿನ ಬೀರುವಿನಲ್ಲಿ ಕೆಲವು ಡಬ್ಬಿ ಟ್ಯೂನಾ ಮೀನು, ಬಿಸ್ಕತ್ತಿನ ಪೊಟ್ಟಣಗಳು, ಒಂದಿಷ್ಟು ಹಾಲು. ಕೆಲವೇ ಜನರಿಗೆ ಎರಡು ದಿನಕ್ಕೆ ಆಗುವಷ್ಟು. ಹವೆ 30 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಗಾಳಿಯಲ್ಲಿ ತೇವ ತುಂಬಿ ಮೈಯ ಬೆವರು ಆರುತ್ತಲೇ ಇರಲಿಲ್ಲ. ಕುಡಿಯಲು ಯಂತ್ರಗಳಿಗೆಂದು ತೊಟ್ಟಿಗಳಲ್ಲಿ ಇಟ್ಟಿದ್ದ, ಎಣ್ಣೆಯ ವಾಸನೆಯ ನೀರೇ ಗತಿ. ಗಾಳಿಯ ಕೊಳವೆಬಾವಿಯ ಮೂಲಕ ಮೇಲೇರೋಣವೆಂದು ನೋಡಿದರೆ ಅಲ್ಲಿರಬೇಕಾದ ಏಣಿ ಪೂರ್ತಿ ಇರಲಿಲ್ಲ. ಎರಡು ದಿನ ಕಳೆಯುವುದರೊಳಗೆ ಮತ್ತೆ ಬಂಡೆ ಕುಸಿದು ಆ ದಾರಿಯೂ ಮುಚ್ಚಿತು.

ಮೊದಲ ರಾತ್ರಿಯೇ ಮನುಷ್ಯ ಸ್ವಭಾವ ಹೊರಬಿತ್ತು. ಹಸಿವು, ಭಯ ತಾಳಲಾರದೆ ಕೆಲವರು ಬೀರುವಿನ ಬೀಗ ಒಡೆದು ಬಿಸ್ಕತ್ತು, ಹಾಲು ತೆಗೆದುಕೊಂಡರು. ಅದು ಹಾಗೆಯೇ ಮುಂದುವರಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಲವಿದ್ದವರು ನಾಲ್ಕು ದಿನ ಹೆಚ್ಚು ಬದುಕುತ್ತಿದ್ದರು. ಮುದುಕ ಗೋಮೆಸ್, ಹೊಸಬ ಮಾಮಾನಿ ಮೊದಲು ಹೋಗುತ್ತಿದ್ದರು.

ಪಾಳಿಯ ಮುಖ್ಯಸ್ಥ ಲೂಯಿಸ್ ಉರ್ಸುವಾ, 54 ವರ್ಷದ ಸಮಾಧಾನಿ. ಆತ ತನ್ನ ಅಧಿಕಾರದ ಗುರುತಾದ ಬಿಳಿ ಶಿರಸ್ತ್ರಾಣವನ್ನು ತೆಗೆದು, ಇನ್ನು ಇಲ್ಲಿ ಮೇಲಧಿಕಾರಿ ಕೆಳಗಿನವನು ಎಂಬುದಿಲ್ಲ, ಎಲ್ಲರೂ ಒಂದೇ ಎಂದ. ಮಾತಿನಲ್ಲಿ ಚುರುಕಾದ ಮಾರಿಯೋ ಸೆಪುಲ್ವೆದಾ ಆಹಾರ ಹಂಚುವ ಹೊಣೆ ಹೊತ್ತ. ಒಂದೊಂದು ಲೋಟಕ್ಕೆ ಒಂದಿಷ್ಟೇ ಮೀನು, ಜೊತೆಗೆ ಬಿಸ್ಕತ್ತು. ಸಾಮಾನು ಕರಗುತ್ತ ಬಂದಂತೆ ದಿನಕ್ಕೊಮ್ಮೆಯ ಊಟ ಎರಡು ದಿನಕ್ಕೊಮ್ಮೆಯಾಯಿತು. ದುಡಿಯುವ ಗಂಡಸಿಗೆ ದಿನಕ್ಕೆ ಎರಡೂವರೆ ಸಾವಿರ ಕ್ಯಾಲೊರಿಯಾದರೂ ಬೇಕು. ಇದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. 33 ಜನರ ಪಾಲೂ ಸಿದ್ಧವಾಗುವವರೆಗೆ ಒಬ್ಬರೂ ಬಾಯಿಗಿಡಬಾರದು ಎಂಬುದು ನಿಯಮ.

ಮೊಣಕಾಲೂರಿದ ಗಣಿ ಕಾರ್ಮಿಕರು

ಹೊಟ್ಟೆಗೆ ಪಡಿತರದ ಕಟ್ಟುಪಾಡಾಯಿತು. ಮನಸ್ಸಿಗೆ? ಅಲ್ಲಿದ್ದವರಲ್ಲಿ ಹೊಸೆ ಎನ್ರೀಕೆಸ್ ಎಂಬ ಅನುಭವಿ ಕೆಲಸಗಾರ ಕ್ರೈಸ್ತ ಸುವಾರ್ತಾ ಸಭೆಗೆ ಸೇರಿದ ದೈವಭಕ್ತ. ಉಳಿದವರಲ್ಲಿ ಬಹುಮಂದಿ ಕಥೋಲಿಕರು. ಚರ್ಚಿಗೆ ಅಪರೂಪಕ್ಕೆ ಹೋಗುವವರೂ ಇದ್ದರು, ದೇವರ ಗೊಡವೆಯೇ ಬೇಡವೆಂದಿದ್ದವರೂ ಇದ್ದರು. ಪ್ರಾರ್ಥನೆ ನಡೆಸಿಕೊಡು ಎಂದು ಜೊತೆಗಾರರು ಎನ್ರೀಕೆಸ್‌ನನ್ನೇ ಕೇಳಿಕೊಂಡರು. ತನಗೆ ತಿಳಿದಿರುವ ಬಗೆಯಲ್ಲಿ, ಕ್ರಿಸ್ತನ ಜೊತೆ ನೇರವಾಗಿ ಮಾತನಾಡುವಂತೆ ಪ್ರಾರ್ಥಿಸುತ್ತೇನೆ ಎಂದು ಆತ ಒಪ್ಪಿದ. ಪಂಥದ ಭೇದ ಅಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ. ಎಲ್ಲರೂ ಮೊಣಕಾಲೂರಿದರು.

ಅಂದಿನಿಂದ ದಿನವೂ ನಡುಹಗಲ ಹೊತ್ತಿಗೆ, ಊಟಕ್ಕೆ ಮುನ್ನ, ಪ್ರಾರ್ಥನೆ. ಹಗಲು ರಾತ್ರಿಯ ವ್ಯತ್ಯಾಸವೇ ಇಲ್ಲದ ಕಡೆ ನಡುಹಗಲನ್ನು ತಿಳಿಸುತ್ತಿದ್ದುದು ಕೈಗಡಿಯಾರ ಮಾತ್ರ. ತಲೆದೀಪಗಳಿಗೆ ವಾಹನಗಳ ಬ್ಯಾಟರಿಯಿಂದ ವಿದ್ಯುತ್ ತುಂಬಿಸಿಕೊಳ್ಳುತ್ತಿದ್ದರು. ಆ ಮಂದ ಬೆಳಕಿನಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯ ಮೊದಲ ಮಾತು ಬೇಡಿಕೆಯಾಗಿರಲಿಲ್ಲ. ನಾವೇನೂ ಅಂಥ ಒಳ್ಳೆಯ ಮನುಷ್ಯರಲ್ಲ ಎಂಬ ಒಪ್ಪಿಗೆಯಾಗಿತ್ತು. ಒಬ್ಬ ಕುಡಿತದ ಬಗ್ಗೆ ಹೇಳಿಕೊಂಡ. ಇನ್ನೊಬ್ಬ ಮನೆಯವರನ್ನು ಕಡೆಗಣಿಸಿದ್ದನ್ನು ನೆನೆದ. ನಿನ್ನೆ ರೇಗಾಡಿದವನು ಇಂದು ಎಲ್ಲರ ಎದುರು ಕ್ಷಮೆ ಕೇಳಿದ. ಬೀಗ ಒಡೆದು ತಿಂದವರೂ ತಮ್ಮ ತಪ್ಪನ್ನು ಒಪ್ಪಿಕೊಂಡದ್ದು ಇಂಥ ಕೂಟಗಳಲ್ಲೇ.

ಪ್ರಾರ್ಥನೆಯಿಂದ ಬಂಡೆ ಒಂದಂಗುಲವೂ ಅಲುಗಲಿಲ್ಲ. ಆದರೆ ಅದು ಮಾಡಿದ ಕೆಲಸ ಬೇರೆ. ಕತ್ತಲೆಯಲ್ಲಿ ಒಬ್ಬೊಬ್ಬನೇ ಮೂಲೆ ಹಿಡಿದು ಕೂರುವ ಗಂಡಸರನ್ನು ದಿನಕ್ಕೊಮ್ಮೆ ಒಂದೆಡೆ ಸೇರಿಸಿತು. ಸಿಟ್ಟು ಹೊಟ್ಟೆಯಲ್ಲಿ ಹುಳಿಯುವ ಮುನ್ನ ಹೊರಹಾಕಲು ಒಂದು ಮರ್ಯಾದೆಯ ಜಾಗ ಕೊಟ್ಟಿತು. ಕ್ಷಮೆ ಕೇಳಿದ ಮರುಗಳಿಗೆಯೇ ಸಮಪಾಲಿನ ಊಟ. ಹಾಗೆ ಕ್ಷಮಿಸಿದವನ ಪಾಲಿನಿಂದ ಕದಿಯುವುದು ಯಾರಿಗೂ ಸುಲಭವಲ್ಲ. ತಾವಿದ್ದದ್ದು 33 ಜನರಲ್ಲ, 34. ದೇವರು ತಮ್ಮನ್ನು ಬಿಟ್ಟಿರಲಿಲ್ಲ ಎಂದು 19ರ ಹುಡುಗ ಸಾಂಚೆಸ್ ಮುಂದೆ ಬರೆದು ತಿಳಿಸಿದ. ನಂಬುವವರಿಗೆ ಅದು ಸಾಕ್ಷಿ. ನಂಬದವರೂ ಒಂದು ಮಾತನ್ನು ಒಪ್ಪಬೇಕು: ತಮ್ಮನ್ನು ಯಾರೋ ನೋಡುತ್ತಿದ್ದಾರೆಂದು ಬಗೆದ 33 ಜನ ಒಬ್ಬರನ್ನೊಬ್ಬರು ನೋಡಿಕೊಂಡರು.

ಬೊಲಿವಿಯಾದ ಮಾಮಾನಿಯ ವಿಷಯವನ್ನೇ ನೋಡಬಹುದು. 1879ರಲ್ಲಿ ಆರಂಭವಾದ ಯುದ್ಧದಲ್ಲಿ ಬೊಲಿವಿಯಾ ತನ್ನ ಕಡಲತೀರವನ್ನೆಲ್ಲ ಚಿಲಿಗೆ ಕಳೆದುಕೊಂಡಿತ್ತು. ಎರಡು ದೇಶಗಳ ನಡುವೆ ಆ ಕಹಿ ಇನ್ನೂ ಆರಿಲ್ಲ. 32 ಚಿಲಿಯವರ ನಡುವೆ ಒಬ್ಬನೇ ಪರದೇಶಿ. ಆದರೂ ಅವನ ಲೋಟಕ್ಕೆ ಬಿದ್ದದ್ದು ಉಳಿದವರಿಗೆ ಬಿದ್ದಷ್ಟೇ ಮೀನು.

ಬೆಟ್ಟದ ಮೇಲಿನ ಕಾವಲು

ಅದೇ ಹೊತ್ತಿಗೆ ನೆಲದ ಮೇಲೆ ಇನ್ನೊಂದು ಪರೀಕ್ಷೆ. ಸುದ್ದಿ ತಿಳಿದ ಕುಟುಂಬಗಳು ಗಣಿಯ ಬಾಗಿಲಿಗೆ ಓಡಿಬಂದವು. ಮನೆಗೆ ಹೋಗಿ, ಏನಾದರೂ ತಿಳಿದರೆ ಹೇಳಿಕಳುಹಿಸುತ್ತೇವೆ ಎಂದರೆ ಯಾರೂ ಕದಲಲಿಲ್ಲ. ಹಗಲು ಸುಡುವ, ರಾತ್ರಿ ಕೊರೆಯುವ ಮರಳುಗಾಡಿನಲ್ಲಿ ಡೇರೆ ಹಾಕಿದರು. ಆ ಬಿಡಾರಕ್ಕೆ ‘ಭರವಸೆಯ ಶಿಬಿರ’ ಎಂಬ ಹೆಸರಾಯಿತು. ಗುಡ್ಡದ ಮೇಲೆ 33 ಬಾವುಟ ನೆಟ್ಟರು: 32 ಚಿಲಿಯವು, ಒಂದು ಬೊಲಿವಿಯಾದ್ದು.

ದಾರಿಯೋ ಸೆಗೋವಿಯಾ ಎಂಬ ಕಾರ್ಮಿಕನ ಅಕ್ಕ ಮರಿಯಾ ಸೆಗೋವಿಯಾ ಶಿಬಿರದ ಮುಂದಾಳಾದಳು. ಜನ ಅವಳನ್ನು ಪ್ರೀತಿಯಿಂದ ‘ಮೇಯರಮ್ಮ’ ಎಂದು ಕರೆದರು. ಹುಡುಕುವ ಕೆಲಸ ಎಲ್ಲಿಗೆ ಬಂತು ಎಂದು ಅಧಿಕಾರಿಗಳನ್ನು ಕೇಳುವುದು, ಅಳುವವರನ್ನು ಸಂತೈಸುವುದು, ಅಡಿಗೆಯ ಒಲೆ ಆರದಂತೆ ನೋಡುವುದು, ಎಲ್ಲಕ್ಕೂ ಅವಳೇ. ಮಕ್ಕಳ ಪಾಠ ತಪ್ಪಬಾರದೆಂದು ಅಲ್ಲೇ ಪುಟ್ಟ ಶಾಲೆಯೂ ನಡೆಯಿತು.

ಬಂಡೆಗಳ ಸಂದಿಯಲ್ಲಿ ಮೇಣದ ಬತ್ತಿಗಳು, ಕಾಣೆಯಾದವರ ಫೋಟೋಗಳು, ಕನ್ಯಾಮರಿಯಮ್ಮನ ಮೂರ್ತಿಗಳು. ಕಥೋಲಿಕ ಪಾದ್ರಿಗಳೂ ಸುವಾರ್ತಾ ಸಭೆಯ ಪಾಲಕರೂ ಸರದಿಯಂತೆ ಪ್ರಾರ್ಥನೆ ನಡೆಸಿದರು. ಗಣಿ ಕಾರ್ಮಿಕರ ಪಾಲಕ ಸಂತ ಲೊರೆನ್ಸೊನ ಹಬ್ಬ ಆಗಸ್ಟ್ 10, ಅಂದರೆ ಕುಸಿತದ ಐದನೆಯ ದಿನ. ನಮ್ಮ ಕಾರ್ಕಳದ ಅತ್ತೂರು ಚರ್ಚಿಗೆ ಎಲ್ಲ ಧರ್ಮದ ಜನ ಹರಕೆ ಹೊತ್ತು ಹೋಗುವುದು ಇದೇ ಸಂತ ಲಾರೆನ್ಸರ ಹೆಸರಿನಲ್ಲಿ. ಚಿಲಿ ಸರ್ಕಾರ ಇಡೀ ರಕ್ಷಣಾ ಕಾರ್ಯಕ್ಕೂ ‘ಸ್ಯಾನ್ ಲೊರೆನ್ಸೊ’ ಎಂದೇ ಹೆಸರಿಟ್ಟಿತು.

ಈ ಕುಟುಂಬಗಳು ಪ್ರಾರ್ಥಿಸಿ ಸುಮ್ಮನೆ ಕೂರಲಿಲ್ಲ ಎಂಬುದು ಗಮನಾರ್ಹ. ಅವರು ಬೆಟ್ಟ ಬಿಟ್ಟು ಕದಲದಿದ್ದುದರಿಂದಲೇ ಹುಡುಕಾಟವನ್ನು ಅರ್ಧಕ್ಕೆ ಕೈಬಿಡುವ ಮಾತು ಯಾರ ಬಾಯಿಂದಲೂ ಸುಲಭವಾಗಿ ಬರುವಂತಿರಲಿಲ್ಲ. ಸರ್ಕಾರಿ ತಾಮ್ರ ಸಂಸ್ಥೆಯ ಎಂಜಿನಿಯರ್ ಆಂದ್ರೆ ಸೌಗರೆಟ್ ನೇತೃತ್ವದಲ್ಲಿ ಹಲವು ಯಂತ್ರಗಳು ಏಕಕಾಲಕ್ಕೆ ಕೊರೆಯತೊಡಗಿದವು. 700 ಮೀಟರ್ ಆಳದಲ್ಲಿರುವ ಕೋಣೆಗೆ ಮೇಲಿನಿಂದ ಗುರಿಯಿಡುವುದು ಸುಲಭವಲ್ಲ. ಕೊರೆಯುವ ಸರಳು ಗಟ್ಟಿ ಬಂಡೆಗೆ ತಾಗಿ ಸ್ವಲ್ಪ ವಾಲಿದರೂ ಸಾಕು, ತಳ ಮುಟ್ಟುವ ಹೊತ್ತಿಗೆ ಹತ್ತಾರು ಮೀಟರ್ ತಪ್ಪಿರುತ್ತದೆ. ಗಣಿಯ ನಕ್ಷೆಗಳೂ ನಂಬುವಂತಿರಲಿಲ್ಲ.

ಕೆಳಗಿದ್ದವರಿಗೆ ಕೊರೆತದ ಸದ್ದು ಬಂಡೆಯ ಮೂಲಕ ಕೇಳುತ್ತಿತ್ತು. ಆಗಸ್ಟ್ 19ರಂದು ಒಂದು ಸರಳು ಅವರಿದ್ದ ಆಳವನ್ನು ಮುಟ್ಟಿಯೂ ಸುರಂಗವನ್ನು ಸೇರದೆ ಪಕ್ಕದಲ್ಲೇ ಹಾದುಹೋಯಿತು. ಹತ್ತಿರವಾದ ಸದ್ದು ದಾಟಿ ಹೋದದ್ದನ್ನು ಕೇಳಿದವರ ಎದೆ ಏನಾಗಿರಬೇಕು! ಕೆಲವರು ಮನೆಯವರಿಗೆ ಕೊನೆಯ ಪತ್ರ ಬರೆದಿಟ್ಟರು. ಮರುದಿನದ ಪ್ರಾರ್ಥನೆ ಮಾತ್ರ ತಪ್ಪಲಿಲ್ಲ.

ಆಗಸ್ಟ್ 22ರ ಭಾನುವಾರ ಬೆಳಗಿನ ಜಾವ ಇನ್ನೊಂದು ಸರಳು 688 ಮೀಟರ್ ಇಳಿದು ಸುರಂಗದ ಮಾಳಿಗೆಯನ್ನು ತೂತು ಮಾಡಿತು. ಕೆಳಗಿದ್ದವರು ಅದನ್ನು ಬಡಿದರು, ಕೆಂಪು ಬಣ್ಣ ಬಳಿದರು, ಚೀಟಿಗಳನ್ನು ಕಟ್ಟಿದರು. ಮೇಲೆಳೆದಾಗ ಸಿಕ್ಕ ಒಂದು ಚೀಟಿಯಲ್ಲಿ ಕೆಂಪು ಅಕ್ಷರಗಳಲ್ಲಿ ಒಂದೇ ಸಾಲು: ಆಶ್ರಯ ಕೊಠಡಿಯಲ್ಲಿ ನಾವು 33 ಜನ ಕ್ಷೇಮ. ಮುದುಕ ಗೋಮೆಸ್ ಹೆಂಡತಿಗೆ ಬರೆದ ಪತ್ರವೂ ಅದರೊಂದಿಗೇ ಬಂತು.

ಹಸಿದವನಿಗೆ ಊಟವೇ ವಿಷ

ಈಗ ವಿಜ್ಞಾನದ ಸರದಿ. 17 ದಿನ ಹಸಿದವರಿಗೆ ಮೊದಲು ಹೊಟ್ಟೆತುಂಬ ಊಟ ಕಳಿಸೋಣ ಎನಿಸುವುದು ಸಹಜ. ಹಾಗೆ ಮಾಡಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಉಪವಾಸದಲ್ಲಿ ಯಕೃತ್ತಿನ ಗ್ಲೈಕೊಜನ್ ಒಂದು ದಿನದಲ್ಲೇ ಬಹುಪಾಲು ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಬದುಕುತ್ತದೆ. ಆಗ ಒಮ್ಮೆಲೇ ಸಕ್ಕರೆ, ಪಿಷ್ಟ ಸಿಕ್ಕರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಗೆ ಎಳೆದುಬಿಡುತ್ತದೆ. ಹೃದಯದ ಲಯ ತಪ್ಪಿ ಮನುಷ್ಯ ಸಾಯಬಹುದು. ಎರಡನೆಯ ಮಹಾಯುದ್ಧದ ಸೆರೆಯಾಳುಗಳಲ್ಲಿ ವೈದ್ಯರು ಇದನ್ನು ಕಂಡಿದ್ದರು. ಆದ್ದರಿಂದ ಅಂಗೈ ಅಗಲದ ಆ ರಂಧ್ರದಲ್ಲಿ ಉದ್ದನೆಯ ಕೊಳವೆಗಳನ್ನಿಟ್ಟು ಮೊದಲು ಗ್ಲೂಕೋಸ್, ನೀರು, ಔಷಧಿಗಳನ್ನು ಅಳೆದು ಕಳಿಸಿದರು. ಘನ ಆಹಾರ ಹೋದದ್ದು ಕೆಲವು ದಿನಗಳ ನಂತರ. ಆ ಕೊಳವೆಗಳಿಗೆ ಅವರಿಟ್ಟ ಹೆಸರು ‘ಪಾರಿವಾಳ’.

ಕೆಳಗೆ ವೈದ್ಯನಾದವನು ಯೊನ್ನಿ ಬಾರಿಯೋಸ್. ಮಧುಮೇಹಿ ತಾಯಿಗೆ ಚುಚ್ಚುಮದ್ದು ಕೊಟ್ಟು ಕಲಿತದ್ದೇ ಅವನ ವಿದ್ಯೆ. ಅಮೆರಿಕದ ನಾಸಾ ಸಂಸ್ಥೆಯಿಂದ ಇಬ್ಬರು ವೈದ್ಯರು, ಒಬ್ಬ ಮನೋವಿಜ್ಞಾನಿ, ಒಬ್ಬ ಎಂಜಿನಿಯರ್ ಬಂದು ಸಲಹೆ ಕೊಟ್ಟರು. ಹಗಲು ರಾತ್ರಿಯನ್ನು ಬೆಳಕಿನಿಂದ ಬೇರ್ಪಡಿಸಿ, ಎಲ್ಲರಿಗೂ ಕೆಲಸ ಕೊಡಿ, ಮನೆಯವರ ಸಂಪರ್ಕ ತಪ್ಪಿಸಬೇಡಿ ಎಂಬುದು ಬಾಹ್ಯಾಕಾಶ ಯಾನದಿಂದ ಅವರು ಕಲಿತಿದ್ದ ಪಾಠ. ಗಣಿಯವರು ಅದರಲ್ಲಿ ಅರ್ಧವನ್ನು ಯಾರೂ ಹೇಳಿಕೊಡದೆಯೇ ಮಾಡಿಕೊಂಡಿದ್ದರು. ನಿಗದಿತ ಹೊತ್ತು, ನಿಗದಿತ ಕೆಲಸ, ಎಲ್ಲರೂ ಸೇರುವ ಒಂದು ಗಳಿಗೆ.

ಪತ್ರಗಳು ಓಡಾಡತೊಡಗಿದವು. ಸೆಪ್ಟೆಂಬರ್ 14ರಂದು ಆರಿಯೆಲ್ ತಿಕೋನಾಗೆ ಮೇಲೆ ಮಗಳು ಹುಟ್ಟಿದಳು. ಬೇರೊಂದು ಹೆಸರು ಗೊತ್ತುಮಾಡಿದ್ದ ತಂದೆತಾಯಿ ಅದನ್ನು ಬದಲಿಸಿ ‘ಎಸ್ಪೆರಾನ್ಸಾ’, ಅಂದರೆ ಭರವಸೆ, ಎಂದು ಕರೆದರು.

ಊಟ ಬಂತು, ಕೂಟ ಕರಗಿತು

ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾದಂತಿರುತ್ತಿತ್ತು. ನಿಜದಲ್ಲಿ ಆದದ್ದು ಇನ್ನೂ ಹೆಚ್ಚಿನ ಪಾಠ. ಹೊಟ್ಟೆಗೆ ಊಟ, ಓದಲು ಪತ್ರಿಕೆ, ನೋಡಲು ಟಿ.ವಿ. ಬಂದ ಮೇಲೆ ನಡುಹಗಲಿನ ಪ್ರಾರ್ಥನೆಗೆ ಬರುವವರು ಕಡಿಮೆಯಾದರು. ಹೊರಗೆ ತಾವು ಜಗತ್ಪ್ರಸಿದ್ಧರು ಎಂಬುದು ತಿಳಿಯಿತು. ಯಾರ ಹೆಸರು ಪತ್ರಿಕೆಯಲ್ಲಿ ಹೆಚ್ಚು ಬಂತು, ಕಥೆಯ ಹಣ ಯಾರಿಗೆ ಎಂಬ ಮಾತುಗಳೆದ್ದವು, ಜಗಳಗಳೂ ಆದವು. ಹಸಿವಿನಲ್ಲಿ ಒಂದಾಗಿದ್ದವರು ಹೊಟ್ಟೆ ತುಂಬಿದ ಮೇಲೆ ಬೇರೆಯಾಗತೊಡಗಿದರು. ಆದರೂ ಹಳೆಯ ಗಂಟು ಪೂರ್ತಿ ಬಿಚ್ಚಲಿಲ್ಲ. ಮೊದಲ 17 ದಿನದ ಕಥೆ ಎಲ್ಲರದು, ಅದರಿಂದ ಬರುವ ಹಣವೂ 33 ಜನರಿಗೆ ಸಮ ಎಂದು ಒಪ್ಪಂದ ಮಾಡಿಕೊಂಡರು. ಮೀನು ಹಂಚಿದ ಲೆಕ್ಕವೇ ಅಲ್ಲೂ ಉಳಿಯಿತು.

ಮೇಲೆ ಮೂರು ಯಂತ್ರಗಳು ಮೂರು ಬೇರೆ ದಾರಿಗಳಲ್ಲಿ ಕೊರೆಯುತ್ತಿದ್ದವು. ಮೊದಲೇ ಇದ್ದ ಸಣ್ಣ ರಂಧ್ರವನ್ನು ಅಗಲಿಸುತ್ತ ಬಂದ ಎರಡನೆಯ ಯಂತ್ರ ಅಕ್ಟೋಬರ್ 9ರಂದು ಗುರಿ ಮುಟ್ಟಿತು. ಅಗಲಿಸುವಾಗ ಕೆಳಗೆ ಬೀಳುವ ಕಲ್ಲುಪುಡಿಯನ್ನು ಹಗಲಿರುಳು ಸರದಿಯ ಮೇಲೆ ಸರಿಸಿದವರು ಆ 33 ಜನರೇ. 54 ಸೆಂಟಿಮೀಟರ್ ಅಗಲದ ಕಬ್ಬಿಣದ ಪಂಜರವೊಂದು ಒಬ್ಬೊಬ್ಬರನ್ನೇ ಮೇಲೆ ತಂದಿತು. ಮೊದಲನೆಯವನು ಫ್ಲೊರೆನ್ಸಿಯೊ ಆವಲೋಸ್, ಅಕ್ಟೋಬರ್ 13ರ ಮಧ್ಯರಾತ್ರಿ ದಾಟಿದ ಕೂಡಲೇ. ಹಲವರು ತೊಟ್ಟಿದ್ದ ಅಂಗಿಯ ಮೇಲೆ ದೇವರಿಗೆ ಕೃತಜ್ಞತೆ ಹೇಳುವ ಮಾತಿತ್ತು. ಬೆನ್ನ ಮೇಲೆ ಬೈಬಲಿನ 95ನೆಯ ಕೀರ್ತನೆಯ ಉಲ್ಲೇಖ. ಅದೇ ರಾತ್ರಿ ಹತ್ತು ಗಂಟೆಗೆ ಐದು ನಿಮಿಷ ಮುಂಚೆ ಕೊನೆಯವನಾಗಿ ಬಂದವನು ಉರ್ಸುವಾ. ಎದುರು ನಿಂತಿದ್ದ ಅಧ್ಯಕ್ಷ ಸೆಬಾಸ್ಟಿಯನ್ ಪಿನ್ಯೇರಾಗೆ ತನ್ನ ಪಾಳಿಯನ್ನು ಒಪ್ಪಿಸಿಕೊಟ್ಟ.

ಹೊರಬಂದ ಮೇಲೆ ಮೆರವಣಿಗೆ, ಉಡುಗೊರೆ, ವಿದೇಶ ಪ್ರವಾಸ ಎಲ್ಲ ಆದವು. ಕ್ಯಾಮೆರಾಗಳು ಹಿಂದಿರುಗಿದವು. ಆಗ ಅನೇಕರಿಗೆ ನಿಜವಾದ ಕತ್ತಲೆ ಕಾಣಿಸಿತು. ನಿದ್ರೆ ಬಾರದು, ಬಂದರೆ ಬಂಡೆ ಬೀಳುವ ಕನಸು. ಕೆಲವರು ಕುಡಿತಕ್ಕೆ ಬಿದ್ದರು, ಕೆಲವರಿಗೆ ಕೆಲಸ ಸಿಗಲಿಲ್ಲ. 2013ರಲ್ಲಿ ಸರ್ಕಾರಿ ತನಿಖೆ ಯಾರ ಮೇಲೂ ಆರೋಪ ಹೊರಿಸದೆ ಮುಗಿಯಿತು. ನೆಲದಡಿ ಒಬ್ಬನೂ ಒಂಟಿಯಾಗಿರಲಿಲ್ಲ. ನೆಲದ ಮೇಲೆ ಎಷ್ಟೋ ಜನ ಒಂಟಿಯಾದರು. ಅಲ್ಲಿ ದಿನವೂ ಸೇರಿಸುತ್ತಿದ್ದ ನಡುಹಗಲ ಗಳಿಗೆ ಇಲ್ಲಿ ಇರಲಿಲ್ಲ.

ನಮ್ಮ ಮನೆಗಳಲ್ಲೂ ಬಂಡೆ ಬೀಳುತ್ತದೆ. ಪರೀಕ್ಷೆಯಲ್ಲಿ ನಪಾಸಾದ ಮಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಕೆಲಸ ಕಳೆದುಕೊಂಡ ತಂದೆ ಮನೆಯಲ್ಲಿ ಹೇಳದೆ ಬೆಳಿಗ್ಗೆ ಎಂದಿನಂತೆ ಹೊರಡುತ್ತಾನೆ. ತಾಯಿಯ ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡಲಾಗುತ್ತದೆ. ಎಲ್ಲರೂ ಒಂದೇ ಸೂರಿನಡಿ, ಒಬ್ಬೊಬ್ಬರೂ ಬೇರೆ ಬೇರೆ ಸುರಂಗದಲ್ಲಿ. ಕಷ್ಟ ಬಂದ ದಿನ ಬಾಂಧವ್ಯವನ್ನು ಹುಡುಕಲು ಹೊರಟರೆ ಸಿಗುವುದು ಕಷ್ಟ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಾಗಲಿ, ನಮಾಜಿನ ಹೊತ್ತಾಗಲಿ, ಕ್ರೈಸ್ತ ಮನೆಯ ಜಪಸರದ ಹೊತ್ತಾಗಲಿ, ಏನೂ ಇಲ್ಲದಿದ್ದರೆ ರಾತ್ರಿಯ ಊಟದ ಹೊತ್ತಾಗಲಿ, ಮನೆಮಂದಿಯೆಲ್ಲ ದಿನಕ್ಕೊಮ್ಮೆ ಸೇರುವ ಒಂದು ಗಳಿಗೆ ಇರಬೇಕು. ನನ್ನದು ತಪ್ಪಾಯಿತು ಎಂದು ಮಗ ಹೇಳಬಹುದಾದ, ತಂದೆಯೂ ಹೇಳಬಹುದಾದ ಗಳಿಗೆ ಅದಾಗಬೇಕು. ಊಟ ಬಡಿಸುವುದು ಅದಾದ ಮೇಲೆ.